ಅಳು ನಿಲ್ಲಿಸುವ ನಿಪ್ಪಲ್, ಮಾತು ಕಲಿಯುವ ಬಾಯಿ

ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1506ರಲ್ಲಿ ಬಿಡಿಸಿದ 'ಮಡೋನ್ನಾ ಮತ್ತು ಸಿಸ್ಕಿನ್ ಹಕ್ಕಿ' ಎಂಬ ಚಿತ್ರ ಈಗ ಬರ್ಲಿನ್ನಿನ ಚಿತ್ರಶಾಲೆಯಲ್ಲಿದೆ. ನೋಡುವವರ ಕಣ್ಣು ಮೊದಲು ಮೇರಿಯ ಮುಖಕ್ಕೆ, ಆಮೇಲೆ ಬಾಲಯೇಸುವಿನ ತೋಳಿನ ಮೇಲೆ ಕೂತ ಪುಟ್ಟ ಹಕ್ಕಿಗೆ ಹೋಗುತ್ತದೆ. ಮಗುವಿನ ಕೈಯಲ್ಲಿರುವ ಸಣ್ಣ ಬಟ್ಟೆಯ ಗಂಟನ್ನು ಗಮನಿಸುವವರು ಕಡಿಮೆ. ಅದು ಆಟಿಕೆಯಲ್ಲ, ಪೂಜೆಯ ವಸ್ತುವೂ ಅಲ್ಲ. ಆ ಕಾಲದ ಯುರೋಪಿನ ಮನೆಮನೆಗಳಲ್ಲಿ ಮಕ್ಕಳ ಬಾಯಿಗೆ ಇಡುತ್ತಿದ್ದ ಚೀಪುಗಂಟು. ಇಂದು ನಮ್ಮ ಮೆಡಿಕಲ್ ಶಾಪುಗಳಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಉಂಗುರದೊಂದಿಗೆ ತೂಗುಹಾಕಿರುವ 'ಪ್ಯಾಸಿಫೈಯರ್', ಆಡುಮಾತಿನ 'ನಿಪ್ಪಲ್', ಇದರದೇ ವಂಶದ ಕುಡಿ.

ಎಳೆಯ ಪೋಷಕರು ಈ ವಸ್ತುವಿನ ಬಗ್ಗೆ ಈಗ ಕೇಳುವ ಪ್ರಶ್ನೆ ಒಂದೇ: ಇದನ್ನು ಕೊಟ್ಟರೆ ಮಗುವಿಗೆ ಮಾತು ತಡವಾಗುತ್ತದೆಯೇ? ಪ್ರಶ್ನೆ ಸಹಜವಾಗಿದೆ. ಆದರೆ ಚರಿತ್ರೆಯಲ್ಲಿ ಇದು ಬಹಳ ತಡವಾಗಿ ಬಂದ ಪ್ರಶ್ನೆ. ಶತಮಾನಗಳ ಕಾಲ ಈ ಗಂಟಿನ ಬಗ್ಗೆ ಜಗಳಗಳು ನಡೆದವು. ಅವುಗಳಲ್ಲಿ ಕೊಳಕು, ವಿಷ, ಹಲ್ಲು, ನೀತಿ, ತಾಯಿಯ ಸೋಮಾರಿತನ ಎಲ್ಲವೂ ಇದ್ದವು. ಮಗುವಿನ ಮಾತು ಮಾತ್ರ ಮುಂಚೂಣಿಗೆ ಬರಲಿಲ್ಲ. ಯಾಕೆ ಬರಲಿಲ್ಲ, ಬಂದಾಗ ಹೇಗೆ ಬಂತು ಎಂಬುದರಲ್ಲಿ ನಮ್ಮ ದಕಾರ ಡಕಾರಗಳಿಗೂ ಒಂದು ಪಾತ್ರವಿದೆ.

ಗಂಟಿನೊಳಗೆ ಏನಿತ್ತು

ಪ್ಯಾಸಿಫೈಯರ್‌ನ ವೈದ್ಯಕೀಯ ಇತಿಹಾಸ ಬರೆದವರು ಸಾಮಾನ್ಯವಾಗಿ 1473ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಅಚ್ಚಾದ ಬಾರ್ತೊಲೊಮೆಯಸ್ ಮೆಟ್ಲಿಂಗರ್‌ನ ಮಕ್ಕಳ ಆರೈಕೆಯ ಪುಸ್ತಕದಿಂದ ಶುರುಮಾಡುತ್ತಾರೆ. ಡ್ಯೂರರ್‌ನ ಗಂಟು ಅದಕ್ಕಿಂತ ಮೂರು ದಶಕ ಈಚಿನದು. ಶುಭ್ರ ಬಟ್ಟೆಯ ತುಂಡಿನಲ್ಲಿ ರೊಟ್ಟಿಯ ಚೂರು, ಸಕ್ಕರೆ ಅಥವಾ ಜೇನು ಇಟ್ಟು ದಾರದಿಂದ ಬಿಗಿದು, ಹಾಲಿನಲ್ಲೋ ನೀರಿನಲ್ಲೋ ಅದ್ದಿ ಮಗುವಿನ ಬಾಯಿಗೆ ಕೊಡುವುದು ವಾಡಿಕೆ. ಕೆಲವೆಡೆ ಅದರೊಳಗೆ ಗಸಗಸೆಯೂ ಸೇರುತ್ತಿತ್ತು, ಕೆಲವೆಡೆ ಗಂಟನ್ನು ಬ್ರಾಂದಿಯಲ್ಲಿ ಅದ್ದುತ್ತಿದ್ದರು. ಉಳ್ಳವರ ಮನೆಯ ಮಕ್ಕಳಿಗೆ ಬೆಳ್ಳಿಯ ಹಿಡಿ, ಗೆಜ್ಜೆ ಇರುವ ಕೆಂಪು ಹವಳದ ಕಡ್ಡಿ. ಹವಳ ದೃಷ್ಟಿ ತಾಕದಂತೆಯೂ ಕಾಯುತ್ತದೆಂಬ ನಂಬಿಕೆ ಬೇರೆ.

ಬಡವರ ಗಂಟಾಗಲಿ, ಸಿರಿವಂತರ ಹವಳವಾಗಲಿ, ಮೊದಲ ಉದ್ದೇಶ ಅಳು ನಿಲ್ಲಿಸುವುದು. ಕೈಗಾರಿಕಾ ಕ್ರಾಂತಿಯ ಕಾಲದಲ್ಲಿ ತಾಯಂದಿರು ಗಿರಣಿಗಳಿಗೆ ಹೋಗತೊಡಗಿದಾಗ ಈ ಉದ್ದೇಶ ಇನ್ನಷ್ಟು ಗಟ್ಟಿಯಾಯಿತು. ಇಂಗ್ಲೆಂಡಿನಲ್ಲಿ 'ಗಾಡ್‌ಫ್ರೀಸ್ ಕಾರ್ಡಿಯಲ್' ಎಂಬ ಅಫೀಮಿನ ಪಾಕ ಮಕ್ಕಳನ್ನು ಮಲಗಿಸುತ್ತಿತ್ತು. ಅಮೆರಿಕದಲ್ಲಿ 1849ರಿಂದ ಮಾರಾಟಕ್ಕೆ ಬಂದ 'ಮಿಸೆಸ್ ವಿನ್‌ಸ್ಲೋಸ್ ಸೂದಿಂಗ್ ಸಿರಪ್'ನಲ್ಲಿ ಇದ್ದದ್ದು ಮಾರ್ಫಿನ್. ಅದರಿಂದ ಎಷ್ಟೋ ಶಿಶುಗಳು ನಿದ್ರೆಯಲ್ಲೇ ಸತ್ತವು. 1906ರ ಅಮೆರಿಕದ ಶುದ್ಧ ಆಹಾರ ಮತ್ತು ಔಷಧ ಕಾಯ್ದೆ ಬಂದ ಮೇಲಷ್ಟೇ ಬಾಟಲಿಯ ಚೀಟಿಯ ಮೇಲೆ ಒಳಗಿರುವುದನ್ನು ಹೇಳಬೇಕಾಯಿತು.

ಇದು ಪಶ್ಚಿಮದ ಕತೆ ಮಾತ್ರ ಎಂದುಕೊಳ್ಳಬೇಕಿಲ್ಲ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಕೆಲಸಕ್ಕೆ ಹೊರಡುವ ಮುನ್ನ ಮಕ್ಕಳಿಗೆ 'ಬಾಲಗೋಲಿ' ಎಂಬ ಅಫೀಮಿನ ಗುಳಿಗೆ ಕೊಡುತ್ತಿದ್ದರು. ಭಾರತದ ಕಾರ್ಮಿಕರ ಸ್ಥಿತಿಯನ್ನು ಪರಿಶೀಲಿಸಿ 1931ರಲ್ಲಿ ವರದಿ ಕೊಟ್ಟ ರಾಯಲ್ ಕಮಿಷನ್ ಈ ಅಭ್ಯಾಸವನ್ನು ಪ್ರಸ್ತಾಪಿಸಿದೆ. ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲದ ಮನೆಯಲ್ಲಿ, ಮಗು ಏಳದಿರುವುದೇ ತಾಯಿಗೆ ಸಿಗುತ್ತಿದ್ದ ಶಿಶುವಿಹಾರ.

ರಬ್ಬರು ಬಂದ ಮೇಲೆ

1840ರ ದಶಕದಲ್ಲಿ ಗಂಧಕ ಬೆರೆಸಿ ರಬ್ಬರನ್ನು ಹದಗೊಳಿಸುವ ವಿದ್ಯೆ ಬಳಕೆಗೆ ಬಂತು. 1845ರಲ್ಲಿ ನ್ಯೂಯಾರ್ಕಿನ ಎಲೈಜಾ ಪ್ರಾಟ್ ರಬ್ಬರಿನ ಮೊಲೆತೊಟ್ಟಿಗೆ ಪೇಟೆಂಟ್ ಪಡೆದ. 1900ರಲ್ಲಿ ಮ್ಯಾನ್‌ಹ್ಯಾಟನ್ನಿನ ಔಷಧ ವ್ಯಾಪಾರಿ ಕ್ರಿಶ್ಚಿಯನ್ ಮೈನೆಕೆ 'ಬೇಬಿ ಕಂಫರ್ಟರ್' ಎಂಬ ವಿನ್ಯಾಸಕ್ಕೆ ಪೇಟೆಂಟ್ ಪಡೆದ: ಚೀಪಲು ರಬ್ಬರಿನ ತೊಟ್ಟು, ನುಂಗದಂತೆ ತಡೆಯುವ ಬಿಲ್ಲೆ, ಹಿಡಿಯಲು ಉಂಗುರ. ಇಂದಿಗೂ ಪ್ಯಾಸಿಫೈಯರ್‌ನ ರೂಪ ಅದೇ.

ಹೆಸರುಗಳನ್ನು ಗಮನಿಸಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಅಮೆರಿಕದವರು ಇದನ್ನು 'ಪ್ಯಾಸಿಫೈಯರ್' ಎಂದರು, ಅಂದರೆ ಶಾಂತಿ ಸ್ಥಾಪಿಸುವಂಥದ್ದು. ಬ್ರಿಟಿಷರು 'ಡಮ್ಮಿ' ಎಂದರು. ಇಂದು ಡಮ್ಮಿ ಅಂದರೆ ನಕಲಿ ಎಂದಷ್ಟೇ ನಮಗೆ ಕೇಳಿಸುತ್ತದೆ. ಆದರೆ ಹದಿನಾರನೇ ಶತಮಾನದ ಇಂಗ್ಲಿಷಿನಲ್ಲಿ ಆ ಪದಕ್ಕಿದ್ದ ಅರ್ಥ 'ಮಾತು ಬಾರದವನು'. ಮಗುವನ್ನು ಸೂಚಿಸುವ 'ಇನ್‌ಫ್ಯಾಂಟ್' ಎಂಬ ಪದದ ಲ್ಯಾಟಿನ್ ಮೂಲದ ಅರ್ಥವೂ 'ಮಾತಾಡದ' ಎಂದೇ. ಮಾತಾಡದವರ ಬಾಯಿಗೆ ಮಾತು ಬಾರದವನ ಹೆಸರಿನ ವಸ್ತು! ಶಿಶುವಿಗೆ ಮಾತಿಗೂ ಸಂಬಂಧವೇ ಇಲ್ಲ, ಅದು ಆಮೇಲೆ ಬರುವ ಸಂಗತಿ ಎಂಬ ಭಾವನೆ ಭಾಷೆಯಲ್ಲೇ ಅಡಗಿ ಕೂತಿತ್ತು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪ್ಯಾಸಿಫೈಯರ್ ವಿರುದ್ಧ ದೊಡ್ಡ ದನಿ ಎದ್ದಿತು. 1907ರಲ್ಲಿ ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ ತಾಯಿ-ಮಗುವಿನ ಆರೋಗ್ಯ ಚಳವಳಿ ಕಟ್ಟಿದ ವೈದ್ಯ ಟ್ರೂಬಿ ಕಿಂಗ್ ಅದರ ಕಟ್ಟಾ ವಿರೋಧಿ. ರೋಗಾಣುಗಳ ಅರಿವು ಆಗ ಮನೆಮನೆಗೆ ತಲುಪುತ್ತಿತ್ತು. ನೆಲಕ್ಕೆ ಬಿದ್ದ ರಬ್ಬರನ್ನು ಸೆರಗಿಗೆ ಒರೆಸಿ ಮತ್ತೆ ಬಾಯಿಗಿಡುವುದನ್ನು ಕಂಡು ವೈದ್ಯರು ಹೌಹಾರಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಟೀಕೆ ಅಷ್ಟಕ್ಕೇ ನಿಲ್ಲಲಿಲ್ಲ. ಪ್ಯಾಸಿಫೈಯರ್ ಕೊಡುವ ತಾಯಿ ಬಡವಳು, ಅರಿವಿಲ್ಲದವಳು, ಮೈಗಳ್ಳಿ ಎಂಬ ಚಿತ್ರ ಅದರ ಬೆನ್ನಿಗೇ ಬಂತು. 1905ರಲ್ಲಿ ಫ್ರಾಯ್ಡ್ ಬರೆದ ಲೈಂಗಿಕತೆಯ ಮೂರು ಪ್ರಬಂಧಗಳು ಮಗು ಬೆರಳು ಚೀಪುವುದನ್ನೇ ಶೈಶವದ ಕಾಮದ ಮೊದಲ ಉದಾಹರಣೆಯಾಗಿ ಎತ್ತಿಕೊಂಡಿದ್ದವು. ಚೀಪುವುದು ಹೀಗೆ ನೈತಿಕ ಸಮಸ್ಯೆಯೂ ಆಯಿತು. ಮುಂದೆ ದಂತವೈದ್ಯರ ಸರದಿ. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ದಂತವೈದ್ಯರಾದ ಅಡಾಲ್ಫ್ ಮ್ಯುಲರ್ ಮತ್ತು ವಿಲ್ಹೆಲ್ಮ್ ಬಾಲ್ಟರ್ಸ್ ದವಡೆಗೆ ಹೊಂದುವ ಚಪ್ಪಟೆ ತೊಟ್ಟನ್ನು ರೂಪಿಸಿದರು, ಅದೇ 'ನುಕ್'. ಬಾಯಿಯ ಒಳಗಿನ ಪ್ರತಿ ಅಂಗದ ಬಗ್ಗೆಯೂ ಹೀಗೆ ಒಬ್ಬರು ತಲೆಕೆಡಿಸಿಕೊಂಡರು. ಮಾತಿನ ಸರದಿ ಇನ್ನೂ ಬಂದಿರಲಿಲ್ಲ.

ಮೂಕವಸ್ತು ಮಾತಾಡಿಸಿತು

ಮಾತು ಎಲ್ಲಿಂದ ಬರುತ್ತದೆ ಎಂಬ ಕುತೂಹಲ ಮಾತ್ರ ಹಳೆಯದು. ಅಕ್ಬರ್ ಬಾದಷಹ ಎಳೆಗೂಸುಗಳನ್ನು ಒಂದು ಮನೆಯಲ್ಲಿಟ್ಟು, ಯಾರೂ ಅವರೊಡನೆ ಮಾತಾಡದಂತೆ ಬೆಳೆಸಿದ. 1582ರಲ್ಲಿ ಅಲ್ಲಿಗೆ ಹೋಗಿ ನೋಡಿದಾಗ ಆ ಮಕ್ಕಳ ಬಾಯಿಂದ ಮಾತು ಹೊರಡಲಿಲ್ಲವೆಂದು 'ಅಕ್ಬರ್‌ನಾಮಾ' ದಾಖಲಿಸುತ್ತದೆ. ಆ ಮನೆಗೆ 'ಗುಂಗ್ ಮಹಲ್', ಮೂಕರ ಮಹಲು ಎಂಬ ಹೆಸರೇ ಬಂತು. ಕಿವಿಗೆ ಬೀಳದ ಮಾತು ನಾಲಿಗೆಗೆ ಬರುವುದಿಲ್ಲ ಎಂಬುದನ್ನು ಈ ಕ್ರೂರ ಪ್ರಯೋಗ ತೋರಿಸಿತು. ಆದರೆ ಮಾತು ಬರುವ ಮುನ್ನ ಮಗು ಏನು ಕೇಳಿಸಿಕೊಳ್ಳುತ್ತಿರುತ್ತದೆ ಎಂದು ತಿಳಿಯಲು ದಾರಿ ಇರಲಿಲ್ಲ. ಹೇಳಲು ಬಾರದವರನ್ನು ಕೇಳುವುದಾದರೂ ಹೇಗೆ?

ದಾರಿ ತೋರಿಸಿದ್ದು ನಿಪ್ಪಲ್ಲೇ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಪೀಟರ್ ಐಮಸ್ ಮತ್ತು ಸಂಗಡಿಗರು 1971ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ತಿಂಗಳ ಮತ್ತು ನಾಲ್ಕು ತಿಂಗಳ ಮಕ್ಕಳ ಬಾಯಿಗೆ ಹಾಲಿಲ್ಲದ ತೊಟ್ಟು ಕೊಟ್ಟು, ಅದನ್ನು ಒತ್ತಡ ಅಳೆಯುವ ಯಂತ್ರಕ್ಕೆ ಜೋಡಿಸಿದರು. ಮಗು ಜೋರಾಗಿ ಚೀಪಿದರೆ ಒಂದು ಧ್ವನಿ ಕೇಳಿಸುತ್ತದೆ. ಅದೇ ಧ್ವನಿ ಮತ್ತೆ ಮತ್ತೆ ಬಂದರೆ ಬೇಸರವಾಗಿ ಚೀಪುವುದು ಕಡಿಮೆಯಾಗುತ್ತದೆ. ಆಗ 'ಬ'ಕಾರವನ್ನು 'ಪ'ಕಾರಕ್ಕೆ ಬದಲಿಸಿದರೆ ಮಗು ಮತ್ತೆ ಹುರುಪಿನಿಂದ ಚೀಪತೊಡಗುತ್ತದೆ. ಅಂದರೆ ತಿಂಗಳ ಕೂಸಿಗೂ ಬಕಾರ ಪಕಾರಗಳ ವ್ಯತ್ಯಾಸ ಗೊತ್ತಾಗುತ್ತಿದೆ. 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಇದೇ ಬಗೆಯ ತೊಟ್ಟಿನಿಂದ, ಹುಟ್ಟಿ ಮೂರು ದಿನ ತುಂಬದ ಕೂಸುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿ ಕೇಳಲು ಚೀಪುವ ಲಯವನ್ನೇ ಬದಲಿಸಿಕೊಳ್ಳುತ್ತವೆ ಎಂದು ತೋರಿಸಿದರು.

ಬಾಯಿ ಮುಚ್ಚಿಸಲು ಹುಟ್ಟಿದ ವಸ್ತು ಕೂಸುಗಳ ಉತ್ತರ ಕೇಳಿಸುವ ಸಾಧನವಾಯಿತು. ಶಿಶು 'ಮಾತಾಡದ' ಜೀವವಿರಬಹುದು, ಆದರೆ ಮಾತಿನ ನಡುವೆಯೇ ಬದುಕುತ್ತಿರುತ್ತದೆ ಎಂದು ಖಚಿತವಾದದ್ದು ಹೀಗೆ. ಹಾಗೆ ಖಚಿತವಾದ ಮೇಲೆಯೇ ಮುಂದಿನ ಪ್ರಶ್ನೆಗೆ ಬೆಲೆ ಬಂತು: ಕೇಳಿಸಿಕೊಳ್ಳುತ್ತಿರುವ ಮಗುವಿನ ನಾಲಿಗೆಯನ್ನು ಒಂದು ರಬ್ಬರಿನ ತುಂಡು ಒತ್ತಿ ಹಿಡಿದಿದ್ದರೆ?

ದಕಾರ, ಡಕಾರ

ಕೆನಡಾದ ಜಾನೆಟ್ ವರ್ಕರ್ ಶಿಶುಗಳ ಶ್ರವಣದ ಬಗ್ಗೆ ದಶಕಗಳಿಂದ ಕೆಲಸ ಮಾಡಿದವರು. 1984ರಲ್ಲಿ ಅವರು ರಿಚರ್ಡ್ ಟೀಸ್ ಜೊತೆ ಪ್ರಕಟಿಸಿದ ಅಧ್ಯಯನ ಆರಿಸಿಕೊಂಡದ್ದು ಹಿಂದಿಯ ದಂತ್ಯ ಮತ್ತು ಮೂರ್ಧನ್ಯ ತಕಾರ-ಟಕಾರಗಳ ವ್ಯತ್ಯಾಸವನ್ನು. ಇಂಗ್ಲಿಷಿನಲ್ಲಿ ಈ ಭೇದವಿಲ್ಲ. ಇಂಗ್ಲಿಷ್ ಮನೆಮಾತಿನ ದೊಡ್ಡವರಿಗೆ ಎರಡೂ ಒಂದೇ ರೀತಿ ಕೇಳಿಸುತ್ತವೆ. ಆದರೆ ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಅವನ್ನು ಸಲೀಸಾಗಿ ಬೇರ್ಪಡಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಬಹುತೇಕ ಮಕ್ಕಳಲ್ಲಿ ಆ ಶಕ್ತಿ ಕುಂದಿತ್ತು. ಎಲ್ಲ ಭಾಷೆಗಳಿಗೂ ತೆರೆದಿರುವ ಕಿವಿ ವರ್ಷ ತುಂಬುವ ಹೊತ್ತಿಗೆ ಮನೆಮಾತಿಗೆ ಹೊಂದಿಕೊಳ್ಳುತ್ತದೆ.

2015ರಲ್ಲಿ ಅಲಿಸನ್ ಬ್ರುಡರರ್, ವರ್ಕರ್ ಮತ್ತು ಸಂಗಡಿಗರು ವ್ಯಾಂಕೂವರ್‌ನಲ್ಲಿ ಇದನ್ನು ಮುಂದಕ್ಕೆ ಒಯ್ದರು. ಇಂಗ್ಲಿಷ್ ಕೇಳಿ ಬೆಳೆಯುತ್ತಿದ್ದ ಆರು ತಿಂಗಳ ಮಕ್ಕಳಿಗೆ ಹಿಂದಿಯ ದ ಮತ್ತು ಡ ಕೇಳಿಸಿ, ಅವು ಪರದೆಯನ್ನು ಎಷ್ಟು ಹೊತ್ತು ನೋಡುತ್ತವೆ ಎಂದು ಅಳೆದರು. ಬಾಯಿ ಖಾಲಿ ಇದ್ದಾಗ ಮಕ್ಕಳು ಭೇದ ಗುರುತಿಸಿದವು. ನಾಲಿಗೆಯ ತುದಿ ಅಲುಗದಂತೆ ಒತ್ತುವ ಚಪ್ಪಟೆ ಟೀದರ್ ಅನ್ನು ಬಾಯಲ್ಲಿ ಹಿಡಿದಾಗ ಗುರುತಿಸಲಿಲ್ಲ. ನಾಲಿಗೆಗೆ ತಾಗದೆ ಒಸಡಿನ ನಡುವೆ ಮಾತ್ರ ನಿಲ್ಲುವ ಇನ್ನೊಂದು ಟೀದರ್ ಇಟ್ಟಾಗ ಮತ್ತೆ ಗುರುತಿಸಿದವು.

ಕನ್ನಡಿಗರಿಗೆ ಇದರ ಅರ್ಥ ವಿವರಿಸಬೇಕಿಲ್ಲ. 'ಓದು' ಎನ್ನುವಾಗ ನಾಲಿಗೆಯ ತುದಿ ಹಲ್ಲಿನ ಹಿಂಬದಿಗೆ ತಾಗುತ್ತದೆ, 'ಓಡು' ಎನ್ನುವಾಗ ಮೇಲಕ್ಕೆ ಮಡಿಚಿಕೊಳ್ಳುತ್ತದೆ. ಹಾದಿಗೂ ಹಾಡಿಗೂ, ನಾದಕ್ಕೂ ನಾಡಿಗೂ ಇರುವ ಅಂತರ ನಾಲಿಗೆಯ ಈ ಸಣ್ಣ ಚಲನೆಯಲ್ಲಿದೆ. ಆ ಮಕ್ಕಳು ಇನ್ನೂ ಡಕಾರವನ್ನು ಉಚ್ಚರಿಸಿದವರಲ್ಲ. ಮನೆಯಲ್ಲಿ ಅದನ್ನು ಕೇಳಿದವರೂ ಅಲ್ಲ. ಹಾಗಿದ್ದೂ ನಾಲಿಗೆ ಬಂಧಿಯಾದಾಗ ಕಿವಿ ಮಂದವಾಯಿತು. ಕೇಳುವುದು ಕಿವಿಯೊಂದರ ಕೆಲಸವಲ್ಲ, ನಾಲಿಗೆಯೂ ಕೇಳಿಸಿಕೊಳ್ಳುವುದರಲ್ಲಿ ಪಾಲುಗೊಳ್ಳುತ್ತದೆ ಎಂಬುದು ಈ ಪ್ರಯೋಗದ ಸೂಚನೆ. ಶಿಕ್ಷಾಶಾಸ್ತ್ರದ ಕಾಲದಿಂದಲೂ ವರ್ಣಗಳನ್ನು ನಾಲಿಗೆ ತಾಗುವ ಸ್ಥಾನದಿಂದಲೇ ವಿಂಗಡಿಸಿ ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ ಎಂದು ಕಲಿತ ನಮಗೆ ಇದು ತೀರ ಹೊಸತೆನಿಸದು.

ಆದರೆ ಪ್ರಯೋಗ ಹೇಳಿದ್ದಷ್ಟನ್ನೇ ಕೇಳಬೇಕು. ಅದು ಅಳೆದದ್ದು ಟೀದರ್ ಬಾಯಲ್ಲಿದ್ದ ಕೆಲವು ನಿಮಿಷಗಳ ಪರಿಣಾಮ. ನಿಪ್ಪಲ್ ಚೀಪಿದ ಮಗು ಮುಂದೆ ಮಾತಿನಲ್ಲಿ ಹಿಂದೆ ಬೀಳುತ್ತದೆಂದು ಅದು ಹೇಳಲಿಲ್ಲ.

ಲೆಕ್ಕ ಏನು ಹೇಳುತ್ತದೆ

ಆ ದೀರ್ಘಕಾಲದ ಪ್ರಶ್ನೆಯನ್ನು ಕೇಳಿದ ಅಧ್ಯಯನಗಳು ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಚಿಲಿಯ ಪಟಗೋನಿಯಾದಲ್ಲಿ ಶಾಲಾಪೂರ್ವ ವಯಸ್ಸಿನ 128 ಮಕ್ಕಳನ್ನು ನೋಡಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಪ್ಯಾಸಿಫೈಯರ್ ಬಳಸಿದವರಲ್ಲಿ ಉಚ್ಚಾರಣೆಯ ತೊಂದರೆಯ ಸಾಧ್ಯತೆ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಬ್ರಿಟನ್ನಿನ 100 ಮಕ್ಕಳ ಮೇಲಿನ 2021ರ ಅಧ್ಯಯನದಲ್ಲಿ ಹೆಚ್ಚಿನ ಅಳತೆಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹಗಲು ಹೊತ್ತು ಹೆಚ್ಚು ಬಳಸಿದವರಲ್ಲಿ ಮಾತ್ರ ಅಸಹಜ ಉಚ್ಚಾರಣೆಯ ತಪ್ಪುಗಳು ಹೆಚ್ಚಿದ್ದವು. ಓಸ್ಲೋ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಮತ್ತು ಎರಡು ವರ್ಷದ 1,187 ಮಕ್ಕಳ ಪದಸಂಪತ್ತನ್ನು ನೋಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆಚ್ಚು ಕಾಲ ಚೀಪಿದ ಮಕ್ಕಳಿಗೆ ಗೊತ್ತಿದ್ದ ಪದಗಳು ಕಡಿಮೆ. ಈ ನಂಟು ಎರಡು ವರ್ಷದ ಮಕ್ಕಳಲ್ಲಿ ಇನ್ನೂ ಗಾಢ.

ನಂಟು ಎಂದರೆ ಕಾರಣವಲ್ಲ. ಸ್ವಭಾವತಃ ಕಡಿಮೆ ಮಾತಿನ ಮಗು ನಿಪ್ಪಲನ್ನು ಸುಲಭಕ್ಕೆ ಬಿಡದಿರಬಹುದು. ಹೆಚ್ಚು ಅಳುವ ಮಗುವಿಗೆ ಹೆಚ್ಚು ಕೊಟ್ಟಿರಬಹುದು. ನಡುವೆ ಬೇರೊಂದು ದಾರಿಯೂ ಇದೆ: ಕಿವಿಯ ಸೋಂಕು. ಫಿನ್ಲೆಂಡಿನ ಔಲುವಿನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪ್ಯಾಸಿಫೈಯರ್ ಬಳಕೆಯನ್ನು ನಿದ್ರೆಯ ಹೊತ್ತಿಗೆ ಸೀಮಿತಗೊಳಿಸುವಂತೆ ಪೋಷಕರಿಗೆ ತಿಳಿಹೇಳಿದ ಕಡೆ ಮಧ್ಯಕಿವಿಯ ಸೋಂಕು ಶೇ. 29ರಷ್ಟು ಕಡಿಮೆ ಕಂಡಿತು. ಪದೇ ಪದೇ ಕಿವಿ ಕಟ್ಟಿಕೊಳ್ಳುವ ಮಗುವಿಗೆ ಮಾತು ಮಸುಕಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ.

ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಮಲಗಿದ ಶಿಶುಗಳು ಹಠಾತ್ತನೆ ಸಾಯುವ ಅಪಾಯ ಪ್ಯಾಸಿಫೈಯರ್ ಬಳಸುವವರಲ್ಲಿ ಕಡಿಮೆ ಎಂದು ಕಂಡುಬಂದದ್ದರಿಂದ, ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2005ರಲ್ಲಿ ನಿದ್ರೆಯ ಸಮಯಕ್ಕೆ ಅದನ್ನು ಕೊಡಲು ಸಲಹೆ ಮಾಡಿತು. ಎದೆಹಾಲು ಕುಡಿಯುವ ಮಕ್ಕಳಿಗೆ ತಿಂಗಳು ತುಂಬುವ ತನಕ ಬೇಡ ಎಂದಿತು. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಆಸ್ಪತ್ರೆಗಳಲ್ಲಿ ಹಾಲಿಲ್ಲದ ತೊಟ್ಟು ಚೀಪಿಸುವುದು ಚಿಕಿತ್ಸೆಯ ಭಾಗವೇ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಎದೆಹಾಲು ಕುಡಿಯುವ ಮಕ್ಕಳಿಗೆ ಪ್ಯಾಸಿಫೈಯರ್ ಕೂಡದು ಎಂದವು; 2018ರ ಪರಿಷ್ಕರಣೆಯಲ್ಲಿ ಆ ಮಾತು, ಬಳಕೆ ಮತ್ತು ಅಪಾಯಗಳನ್ನು ತಾಯಂದಿರಿಗೆ ತಿಳಿಹೇಳಿ ಎಂದು ಮೆತ್ತಗಾಯಿತು.

ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ನಿಪ್ಪಲ್ಲಿನ ಒಳಿತು ಕೆಡುಕು ಗಡಿಯಾರವನ್ನು ಅವಲಂಬಿಸಿದೆ ಎನಿಸುತ್ತದೆ. ಮೊದಲ ತಿಂಗಳುಗಳಲ್ಲಿ, ನಿದ್ರೆಗೆ ಜಾರುವ ಹೊತ್ತಿನಲ್ಲಿ ಅದರಿಂದ ಉಪಕಾರವಿದೆ. ವರ್ಷ ದಾಟಿದ ಮಗು ಎಚ್ಚರವಿರುವ ಹಗಲಿನಲ್ಲಿ, ಎದುರಿಗಿರುವವರು ಮಾತಾಡಿಸುತ್ತಿರುವಾಗ, ಅದೇ ವಸ್ತು ತೊದಲಬೇಕಾದ ಬಾಯಿಯ ಬಿರಡೆ.

ರಮಿಸುವುದು

ನಮ್ಮ ಕಡೆ ಮಗುವಿನ ನಾಲಿಗೆಯ ಮೇಲೆ ಇಡುವ ವಸ್ತುವಿಗೂ ಮಾತಿಗೂ ನಂಟು ಕಲ್ಪಿಸುವುದು ಹೊಸದಲ್ಲ. ಬಜೆ ತೇಯ್ದು ನಾಲಿಗೆಗೆ ಸವರಿದರೆ ಮಾತು ಬೇಗ, ಸ್ಪಷ್ಟವಾಗಿ ಬರುತ್ತದೆಂದು ಎಷ್ಟೋ ಅಜ್ಜಿಯರು ನಂಬಿದ್ದರು. ಬಜೆ ನಿರಪಾಯಕಾರಿಯೇನಲ್ಲ, ಅಮೆರಿಕ 1968ರಲ್ಲೇ ಆಹಾರದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಆದರೆ ಬಜೆ ತೇಯುವ ಅಜ್ಜಿ ತೇಯುತ್ತಲೇ ಮಗುವಿನೊಡನೆ ಮಾತಾಡುತ್ತಿದ್ದಳು. ಅಳುವ ಮಗುವನ್ನು ಸಮಾಧಾನ ಮಾಡುವುದಕ್ಕೆ ಕನ್ನಡದಲ್ಲಿ ಇರುವ ಚೆಂದದ ಕ್ರಿಯಾಪದ 'ರಮಿಸು'. ರಮಿಸುವುದೆಂದರೆ ಎತ್ತಿಕೊಂಡು, ಕಾಗೆ ಗುಬ್ಬಿ ತೋರಿಸಿ, ಹೆಸರಿಟ್ಟು ಕರೆದು, ಪ್ರಶ್ನೆ ಕೇಳಿ ಉತ್ತರವನ್ನೂ ತಾನೇ ಹೇಳುವುದು. ಅದರಲ್ಲೂ ಅಳು ನಿಲ್ಲುತ್ತದೆ, ಆದರೆ ಮಾತಿನ ಮೂಲಕ ನಿಲ್ಲುತ್ತದೆ.

ರಮಿಸಲು ಕೈ ಖಾಲಿ ಇರಬೇಕು, ಹೊತ್ತು ಇರಬೇಕು. ಬೆಳಗ್ಗೆ ಎಂಟಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಯ ಗೇಟು ದಾಟಬೇಕಾದ ತಾಯಿಗೆ ಆ ಹೊತ್ತು ಎಲ್ಲಿಂದ ಬರಬೇಕು? ಟೊರಾಂಟೋದ ಫ್ಲ್ಯಾಟಿನಲ್ಲಿ ನೆಂಟರಿಷ್ಟರಿಲ್ಲದೆ ಎಳೆಗೂಸಿನೊಂದಿಗೆ ದಿನ ದೂಡುವವಳಿಗೆ ಇನ್ನೊಂದು ಬಗೆಯ ಬಡತನ: ಮನೆಯಲ್ಲಿ ಮಾತಾಡುವ ಬಾಯಿಗಳೇ ಕಡಿಮೆ. ವರ್ಕರ್ ಅಧ್ಯಯನ ನೆನಪಿಟ್ಟರೆ, ಆ ಮಗು ಓದು-ಓಡುಗಳ ಭೇದವನ್ನು ಉಳಿಸಿಕೊಳ್ಳಲು ಮೊದಲ ವರ್ಷದಲ್ಲೇ ಮನೆಯಲ್ಲಿ ಕನ್ನಡ ಕಿವಿಗೆ ಬೀಳುತ್ತಿರಬೇಕು. ಅದಕ್ಕೆ ನಿಪ್ಪಲ್ಲಿಗಿಂತ ದೊಡ್ಡ ಅಡ್ಡಿ ಮೌನ. ಇಂದು ಆ ಮೌನ ತುಂಬಲು ಕೈಗೆ ಸಿಗುವುದು ಮೊಬೈಲು. ಅದೂ ಅಳು ನಿಲ್ಲಿಸುತ್ತದೆ, ಮಗು ಏನಾದರೂ ಅಂದರೆ ತಿರುಗಿ ಉತ್ತರ ಕೊಡುವುದಿಲ್ಲ.

ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ, ಮಾತು ತಡವಾದ ಮಗುವನ್ನು ಕರೆತಂದ ಪೋಷಕರಿಂದ ಮೊದಲು ತಿಳಿಯಬೇಕಾದದ್ದು ಮಗುವಿಗೆ ಕಿವಿ ಕೇಳಿಸುತ್ತದೆಯೇ ಎಂಬುದು. ಸಂಸ್ಥೆಯ ಹೆಸರಿನಲ್ಲೇ ವಾಕ್ಕಿನ ಪಕ್ಕ ಶ್ರವಣವಿದೆ. ತಡವಾಗುತ್ತಿದೆ ಎಂಬ ಅನುಮಾನ ಬಂದರೆ ನಿಪ್ಪಲ್ ಕಸಿದು ಕಾಯುತ್ತ ಕೂರುವುದಕ್ಕಿಂತ ಕಿವಿ ಪರೀಕ್ಷೆ ಮಾಡಿಸುವುದು ಮೊದಲ ಕೆಲಸ.

ಐದು ಶತಮಾನಗಳ ಈ ಕತೆಯಲ್ಲಿ ಗಂಟು ರಬ್ಬರಾಯಿತು, ರಬ್ಬರು ಸಿಲಿಕೋನ್ ಆಯಿತು. ತಪ್ಪು ಮಾತ್ರ ಪ್ರತಿ ಸಲವೂ ತಾಯಿಯ ತಲೆಗೆ ಬಂತು. ಬಾಲಗೋಲಿ ಕೊಟ್ಟವಳನ್ನು ಬೈಯುವುದು ಸುಲಭವಿತ್ತು, ಗಿರಣಿಯ ಪಕ್ಕ ತೊಟ್ಟಿಲುಮನೆ ಕಟ್ಟುವುದು ಕಷ್ಟವಿತ್ತು. ಈಗಿನ ಪದಸಂಪತ್ತಿನ ಲೆಕ್ಕಗಳನ್ನೂ ಅದೇ ಬೈಗುಳಕ್ಕೆ ಬಳಸಿಕೊಳ್ಳುವ ಅಪಾಯವಿದೆ. ಮಗು ಎಚ್ಚರವಿರುವಾಗ ಬಾಯಿಂದ ನಿಪ್ಪಲ್ ತೆಗೆಯುವುದು ಅರ್ಧ ಕೆಲಸ. ಖಾಲಿಯಾದ ಆ ಬಾಯಿ 'ತ್ತ', 'ಬ್ಬ' ಎಂದಾಗ, ಹೌದಾ ಕಂದ, ಆಮೇಲೇನಾಯ್ತು ಎಂದು ಕೇಳಲು ಅಪ್ಪನೋ ಅಜ್ಜಿಯೋ ಅಂಗನವಾಡಿಯ ಟೀಚರೋ, ಯಾರಾದರೊಬ್ಬರು ಎದುರಿಗೆ ಕೂತಿರಬೇಕು.